ಬಿಸಿಗೊಂದು ಬಾಗಿಲು

ಓಡುವ ವಾಹನವನ್ನು ಕಂಡಾಗ ನಾವು ಅದರ ವೇಗವನ್ನು ಮೆಚ್ಚುತ್ತೇವೆ. ಆ ವೇಗವನ್ನು ಹುಟ್ಟಿಸಿದ ಎಂಜಿನ್ನನ್ನು ಹೊಗಳುತ್ತೇವೆ. ಅದೇ ವಾಹನವು ದಾರಿಗೆ ಅಡ್ಡ ಬಂದ ಕರುವೊಂದರ ಮುಂದೆ ಗಕ್ಕನೆ ನಿಂತಾಗ ಬ್ರೇಕನ್ನು ಹೊಗಳುವವರು ವಿರಳ. ಆದರೆ ಆ ಗಳಿಗೆಯಲ್ಲಿ ಕರುವಿನ ಪ್ರಾಣವನ್ನೂ ಕಾರಿನೊಳಗಿದ್ದವರ ಪ್ರಾಣವನ್ನೂ ಉಳಿಸಿದ್ದು ಬ್ರೇಕೇ ಹೊರತು ಎಂಜಿನ್ನಲ್ಲ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದ ಕಾರು ನಿಂತಿತು ಸರಿ. ಆ ವೇಗ ಎಲ್ಲಿಗೆ ಹೋಯಿತು?

ಈ ಪ್ರಶ್ನೆ ಮೇಲುನೋಟಕ್ಕೆ ಮಕ್ಕಳ ಒಗಟಿನಂತೆ ಕಂಡರೂ ಇದಕ್ಕೆ ಉತ್ತರ ಕಂಡುಕೊಳ್ಳಲು ವಿಜ್ಞಾನಿಗಳಿಗೆ ಬಹುಕಾಲ ಹಿಡಿಯಿತು. ರಂಫರ್ಡ್ ಎಂಬ ವಿಜ್ಞಾನಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಫಿರಂಗಿಗಳನ್ನು ಕೊರೆಯಿಸುವ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದನು. ಮೊಂಡಾದ ಕೊರೆಯುಳಿ ಲೋಹವನ್ನು ಉಜ್ಜುತ್ತಿದ್ದಾಗ ಅಪಾರವಾದ ಶಾಖ ಹುಟ್ಟುವುದನ್ನು ಅವನು ಗಮನಿಸಿದನು. ಸುತ್ತಲೂ ನೀರು ತುಂಬಿಸಿ ನೋಡಿದಾಗ, ಬೆಂಕಿಯೇ ಇಲ್ಲದೆ, ಬರಿಯ ಉಜ್ಜುವಿಕೆಯಿಂದಲೇ ಎರಡೂವರೆ ಗಂಟೆಯಲ್ಲಿ ಆ ನೀರು ಕುದಿಯಿತು. ಇದನ್ನು ಅವನು 1798ರಲ್ಲಿ ಪ್ರಕಟಿಸಿದನು. ಮುಂದೆ 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಎಷ್ಟು ಕೆಲಸದಿಂದ ಎಷ್ಟು ಶಾಖ ಹುಟ್ಟುತ್ತದೆಂಬುದನ್ನು ಪ್ರಯೋಗಗಳಿಂದ ಅಳೆದು ತೋರಿಸಿದನು. ಶಕ್ತಿ ನಾಶವಾಗುವುದಿಲ್ಲ, ರೂಪವನ್ನು ಬದಲಿಸುತ್ತದೆ ಅಷ್ಟೆ. ಚಳಿಗಾಲದ ಬೆಳಗಿನಲ್ಲಿ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗಾಗಿಸಿಕೊಳ್ಳುವಾಗ ನಾವೂ ಇದೇ ಸತ್ಯವನ್ನು ಅನುಭವಿಸುತ್ತೇವೆ.

ಬ್ರೇಕು ಮಾಡುವುದೂ ಇದನ್ನೇ. ಅದು ವೇಗವನ್ನು ಕೊಲ್ಲುವುದಿಲ್ಲ. ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾರ್ಪಡಿಸುತ್ತದೆ. ಹಾಗೆ ಹುಟ್ಟಿದ ಶಾಖ ಎಲ್ಲಿಗಾದರೂ ಹೋಗಲೇಬೇಕು. ಹೋಗಲು ಹಾದಿಯಿಲ್ಲದಿದ್ದರೆ ಅದು ಹುಟ್ಟಿದಲ್ಲಿಯೇ ಕೂಡಿಕೊಂಡು, ತನ್ನನ್ನು ಹುಟ್ಟಿಸಿದ ಬ್ರೇಕನ್ನೇ ಕೆಡಿಸುತ್ತದೆ. ಆದ್ದರಿಂದ ಬ್ರೇಕಿನ ಕೆಲಸ ಎರಡು ಬಗೆಯದು: ವೇಗವನ್ನು ಬಿಸಿಯಾಗಿಸುವುದು ಒಂದು, ಆ ಬಿಸಿಯನ್ನು ಹೊರಗೆ ಕಳುಹಿಸುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದರ ಮಹತ್ವ ಅರಿವಿಗೆ ಬರುವುದು ಬ್ರೇಕು ಬಹಳವಾಗಿ ದುಡಿಯಬೇಕಾದ ಸಂದರ್ಭದಲ್ಲಿ.

ಹಿಂದೆ ಗಾಡಿಗಳ ಇಳಿಜಾರಿನ ಓಟವನ್ನು ತಡೆಯಲು ಮರದ ತುಂಡೊಂದನ್ನು ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತುತ್ತಿದ್ದರು. ಮರ ಬೇಗ ಸವೆಯುತ್ತಿತ್ತು, ಕೆಲವೊಮ್ಮೆ ಹೊಗೆಯಾಡುತ್ತಿತ್ತು. ಇಂಗ್ಲೆಂಡಿನ ಡರ್ಬಿಷೈರಿನ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಇದಕ್ಕಿಂತ ಹೆಚ್ಚು ಬಾಳಿಕೆ ಬರುವ ಬ್ರೇಕಿನ ಒತ್ತುಪಟ್ಟಿಗಳನ್ನು ತಯಾರಿಸತೊಡಗಿದನು. ಮೋಟಾರು ವಾಹನಗಳು ಬಂದ ಮೇಲೆ ಡೋಲಿನಾಕಾರದ ಡ್ರಮ್ ಬ್ರೇಕುಗಳು ಬಳಕೆಗೆ ಬಂದವು. ಇವುಗಳಲ್ಲಿ ಉಜ್ಜುವ ಭಾಗ ಮುಚ್ಚಿದ ಡಬ್ಬಿಯ ಒಳಗಿರುವುದರಿಂದ ಶಾಖಕ್ಕೆ ಹೊರಹೋಗುವ ದಾರಿ ಇಕ್ಕಟ್ಟು. ಉಜ್ಜುವ ಭಾಗವನ್ನು ಗಾಳಿಗೆ ತೆರೆದಿಟ್ಟ ಡಿಸ್ಕ್ ಬ್ರೇಕಿಗೆ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಷ್ಟು ಹಿಂದೆಯೇ ಹಕ್ಕುಪತ್ರ ಪಡೆದಿದ್ದನು. ಆದರೆ ಅದರ ಹಿರಿಮೆ ಜಗತ್ತಿಗೆ ತಿಳಿದದ್ದು 1953ರಲ್ಲಿ. ಆ ವರ್ಷ ಫ್ರಾನ್ಸಿನ ಲೆ ಮಾನ್ಸ್ ಊರಿನಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕುಗಳನ್ನು ಅಳವಡಿಸಿದ್ದ ಜಾಗ್ವಾರ್ ಕಾರು ಗೆದ್ದಿತು. ಹಗಲಿರುಳು ಬ್ರೇಕು ಹಾಕಿದರೂ ಅದರ ಹಿಡಿತ ಸಡಿಲವಾಗದಿದ್ದುದು ಆ ಗೆಲುವಿಗೆ ಒಂದು ಮುಖ್ಯ ಕಾರಣ.

ಡಿಸ್ಕ್ ಬ್ರೇಕಿನ ರಚನೆ ಸರಳವಾದುದು. ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ತಟ್ಟೆಯೊಂದಿರುತ್ತದೆ, ಇದೇ ಡಿಸ್ಕು. ಅದರ ಎರಡು ಮಗ್ಗುಲುಗಳಲ್ಲಿ ಪ್ಯಾಡುಗಳೆಂಬ ಒತ್ತುಹಲಗೆಗಳಿರುತ್ತವೆ. ಅವುಗಳನ್ನು ಕ್ಯಾಲಿಪರ್ ಎಂಬ ಹಿಡಿಕೆ ಇಕ್ಕಳದಂತೆ ಹಿಡಿದಿರುತ್ತದೆ. ಚಾಲಕನು ಪೆಡಲನ್ನು ತುಳಿದಾಗ ಕೊಳವೆಯಲ್ಲಿರುವ ಬ್ರೇಕ್ ಎಣ್ಣೆಯ ಮೂಲಕ ಒತ್ತಡ ಹರಿದು, ಇಕ್ಕಳ ಬಿಗಿಯಾಗಿ, ಪ್ಯಾಡುಗಳು ತಿರುಗುವ ತಟ್ಟೆಯನ್ನು ಅದುಮುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗದೆಂಬ ನಿಯಮವೇ ಈ ಏರ್ಪಾಡಿನ ಆಧಾರ.

ಹೀಗೆ ಹುಟ್ಟುವ ಶಾಖದ ಪ್ರಮಾಣ ಎಷ್ಟು? ನೀವು ಕಲಿತ ಸೂತ್ರದಿಂದಲೇ ಲೆಕ್ಕ ಹಾಕಬಹುದು. ಚಾಲಕನೂ ಸೇರಿ 1200 ಕಿಲೋಗ್ರಾಂ ತೂಗುವ ಕಾರೊಂದು ಗಂಟೆಗೆ 144 ಕಿಲೋಮೀಟರ್, ಎಂದರೆ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬರುತ್ತಿದೆಯೆನ್ನೋಣ. ತಿರುವಿನ ಮುಂಚೆ ಅದರ ವೇಗ ಸೆಕೆಂಡಿಗೆ 20 ಮೀಟರಿಗೆ ಇಳಿಯಬೇಕು. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಮೊದಲು 9,60,000 ಜೌಲ್ ಇದ್ದದ್ದು 2,40,000 ಜೌಲಿಗೆ ಇಳಿಯುತ್ತದೆ. ವೇಗ ಅರ್ಧವಾದರೆ ಶಕ್ತಿ ಕಾಲುಭಾಗವಾಗುವುದನ್ನು ಗಮನಿಸಿ. ಉಳಿದ 7,20,000 ಜೌಲ್ ಬಹುತೇಕ ಬ್ರೇಕಿನ ಪಾಲು. ಸುಮಾರು ಎರಡೂವರೆ ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಬಿಸಿಗೆ ತರಲು ಇಷ್ಟು ಶಾಖ ಬೇಕು. ಒಲೆಯ ಮೇಲೆ ಈ ಕೆಲಸಕ್ಕೆ ಹಲವು ನಿಮಿಷಗಳು ಹಿಡಿಯುತ್ತವೆ. ಬ್ರೇಕು ಇದನ್ನು ಎರಡೂವರೆ ಮೂರು ಸೆಕೆಂಡುಗಳಲ್ಲಿ ಮಾಡಿ ಮುಗಿಸುತ್ತದೆ.

ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳ ಬ್ರೇಕುಗಳೇ ಹೆಚ್ಚು ದುಡಿಯಬೇಕಾಗುತ್ತದೆ. ಶಾಖದ ನೂರಕ್ಕೆ 70 ಭಾಗ ಮುಂದಿನ ಎರಡು ಡಿಸ್ಕುಗಳಿಗೆ ಸೇರುವುದೆಂದೂ, ಒಂದೊಂದು ಡಿಸ್ಕು 7 ಕಿಲೋಗ್ರಾಂ ತೂಗುವುದೆಂದೂ ಇಟ್ಟುಕೊಂಡರೆ, ಒಂದೇ ಒಂದು ಸಲ ಬ್ರೇಕು ಹಾಕಿದ್ದಕ್ಕೆ ಅವುಗಳ ಉಷ್ಣತೆ ಸುಮಾರು 78 ಡಿಗ್ರಿ ಏರುತ್ತದೆ.

ಊರಿನ ರಸ್ತೆಯಲ್ಲಿ ಇದು ಚಿಂತೆಯ ವಿಷಯವಲ್ಲ. ಅಲ್ಲಿ ವೇಗ ಕಡಿಮೆ. ಒಮ್ಮೆ ಬ್ರೇಕು ಹಾಕಿದರೆ ಮತ್ತೊಮ್ಮೆ ಅಷ್ಟು ಬಲವಾಗಿ ಹಾಕುವ ಹೊತ್ತಿಗೆ ಡಿಸ್ಕು ತಣ್ಣಗಾಗಿರುತ್ತದೆ. ಆದರೆ ಇಂದು ಅನೇಕ ದೇಶಗಳಲ್ಲಿ ಜನರು ತಮ್ಮ ನಿತ್ಯದ ಕಾರುಗಳನ್ನು ಪಂದ್ಯದ ಪಥಕ್ಕೆ ಒಯ್ದು, ಸ್ಪರ್ಧೆಗಾಗಿ ಅಲ್ಲದೆ ಕಲಿಕೆಗಾಗಿ ಮತ್ತು ಸಂತೋಷಕ್ಕಾಗಿ ವೇಗವಾಗಿ ಓಡಿಸುವ ರೂಢಿಯಿದೆ. ಇದನ್ನು 'ಟ್ರ್ಯಾಕ್ ಡೇ' ಎನ್ನುತ್ತಾರೆ. ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ 1927ರಲ್ಲಿ ತೆರೆದ ನೂರ್ಬರ್ಗ್‌ರಿಂಗ್ ಪಥದ ಉತ್ತರ ಸುತ್ತು ಸುಮಾರು 20.8 ಕಿಲೋಮೀಟರ್ ಉದ್ದವಿದ್ದು, ಗೊತ್ತಾದ ವೇಳೆಗಳಲ್ಲಿ ಸುಂಕ ಕೊಟ್ಟ ಸಾರ್ವಜನಿಕರಿಗೂ ಅಲ್ಲಿ ಪ್ರವೇಶವುಂಟು. ನಮ್ಮ ನೆರೆಯಲ್ಲಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಪಥವೊಂದಿದೆ. ಬೆಂಗಳೂರಿನ ಹವ್ಯಾಸಿಗಳೂ ಅಲ್ಲಿಗೆ ಹೋಗುವುದುಂಟು. ಎದುರಿನಿಂದ ಬರುವ ವಾಹನವಾಗಲಿ ದಾರಿಹೋಕರಾಗಲಿ ಇಲ್ಲದ ಇಂತಹ ಪಥವೇ ವೇಗಕ್ಕೆ ತಕ್ಕ ಎಡೆ, ಊರಿನ ರಸ್ತೆಯಲ್ಲ.

ಪಥದಲ್ಲಿ ಬ್ರೇಕಿಗೆ ಬಿಡುವೆಂಬುದಿಲ್ಲ. ಎರಡು ನಿಮಿಷಗಳ ಒಂದು ಸುತ್ತಿನಲ್ಲಿ ಆರು ಸಲ ಹೀಗೆ ಬ್ರೇಕು ಹಾಕಬೇಕೆಂದು ಭಾವಿಸೋಣ. ಶಾಖ ಒಂದಿನಿತೂ ಹೊರಹೋಗದಿದ್ದಲ್ಲಿ ಡಿಸ್ಕಿನ ಉಷ್ಣತೆ ಸುತ್ತೊಂದಕ್ಕೆ 470 ಡಿಗ್ರಿಯಂತೆ ಏರಿ, ಮೂರನೆಯ ಸುತ್ತಿನಲ್ಲಿ ಬೀಡುಕಬ್ಬಿಣವೇ ಕರಗಿ ಹರಿಯಬೇಕಾಗಿತ್ತು. ಹಾಗೆ ಆಗುವುದಿಲ್ಲವಷ್ಟೆ? ಅದಕ್ಕೆ ಕಾರಣ ಗಾಳಿ.

ಇದನ್ನು ತಿಳಿಯಲು ಹಿತ್ತಿಲಿನ ಕಲ್ಲುತೊಟ್ಟಿಯೊಂದನ್ನು ನೆನೆದರೆ ಸಾಕು. ತೊಟ್ಟಿಗೆ ಮೇಲಿನಿಂದ ನೀರು ಬೀಳುತ್ತಿದೆ. ತಳದಲ್ಲಿ ಒಂದು ತೂತಿದೆ. ನೀರಿನ ಮಟ್ಟ ಏರಿದಂತೆಲ್ಲ ತೂತಿನಿಂದ ಹೊರಹೋಗುವ ನೀರಿನ ರಭಸವೂ ಹೆಚ್ಚುತ್ತದೆ. ಬರುವ ನೀರೂ ಹೋಗುವ ನೀರೂ ಸಮವಾದ ಮಟ್ಟದಲ್ಲಿ ತೊಟ್ಟಿ ನಿಲುಗಡೆಗೆ ಬರುತ್ತದೆ. ಡಿಸ್ಕೇ ಆ ತೊಟ್ಟಿ, ಶಾಖವೇ ನೀರು, ಉಷ್ಣತೆಯೇ ನೀರಿನ ಮಟ್ಟ. ಡಿಸ್ಕು ಬಿಸಿಯಾದಷ್ಟೂ ಗಾಳಿಗೆ ಅದು ಬಿಟ್ಟುಕೊಡುವ ಶಾಖ ಹೆಚ್ಚು. ಈಗ ತೊಟ್ಟಿ ತುಂಬಿ ಹರಿಯದಂತೆ ಮಾಡುವ ಉಪಾಯ ಯಾವುದು? ತೊಟ್ಟಿಯನ್ನು ದೊಡ್ಡದು ಮಾಡಬಹುದು, ಎಂದರೆ ಭಾರವಾದ ಡಿಸ್ಕನ್ನು ಹಾಕಬಹುದು. ಆದರೆ ತೂತು ಮೊದಲಿನಷ್ಟೇ ಇದ್ದರೆ ದೊಡ್ಡ ತೊಟ್ಟಿ ತುಂಬುವುದು ತುಸು ತಡವಾಗುತ್ತದೆಯೇ ಹೊರತು ತುಂಬದೆ ಇರುವುದಿಲ್ಲ. ಬಹಳ ಹೊತ್ತು ಓಡಬೇಕಾದ ಕಾರಿಗೆ ನಿಜವಾದ ಪರಿಹಾರ ತೂತನ್ನು ಹಿಗ್ಗಿಸುವುದು. ಬಿಸಿಗೆ ದೊಡ್ಡ ಬಾಗಿಲನ್ನು ತೆರೆಯುವುದು.

ಬಾಗಿಲು ಕಿರಿದಾಗಿದ್ದರೆ ಆಗುವ ಕೇಡು ಎರಡು ತೆರನಾದುದು. ಮೊದಲನೆಯದು ಪ್ಯಾಡಿನ ಸೋಲು. ಸಾಮಾನ್ಯ ಕಾರಿನ ಪ್ಯಾಡುಗಳಲ್ಲಿ ಬಹುಪಾಲು 350ರಿಂದ 400 ಡಿಗ್ರಿಯ ಆಸುಪಾಸಿನಲ್ಲಿ ಹಿಡಿತವನ್ನು ಕಳೆದುಕೊಳ್ಳತೊಡಗುತ್ತವೆ. ಆಗ ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ತುಳಿದರೂ ಕಾರು ಬಗ್ಗುವುದಿಲ್ಲ. ಎರಡನೆಯದು ಎಣ್ಣೆಯ ಕುದಿತ. ಇದು ಹೆಚ್ಚು ಭಯಂಕರವಾದುದು. ಡಿಸ್ಕಿನ ಬಿಸಿ ಪ್ಯಾಡಿನ ಮೂಲಕ ಕ್ಯಾಲಿಪರಿಗೆ ಹರಿದು ಬ್ರೇಕ್ ಎಣ್ಣೆ ಕುದಿದರೆ ಅದರಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಚಾಲಕನ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲಿಯೇ ವ್ಯರ್ಥವಾಗಿ, ಪೆಡಲು ಮೆತ್ತಗೆ ತಳಕ್ಕೆ ಇಳಿದುಬಿಡುತ್ತದೆ. ತಿರುವು ಎದುರಿಗಿದೆ, ವೇಗ ಇದ್ದಂತೆಯೇ ಇದೆ, ಕಾಲಿನಡಿಯಲ್ಲಿ ಏನೂ ಇಲ್ಲ! ಆ ಒಂದೆರಡು ಸೆಕೆಂಡುಗಳು ಚಾಲಕನಿಗೆ ಮಾತ್ರವಲ್ಲ, ತಿರುವಿನ ಅಂಚಿನಲ್ಲಿ ಬಾವುಟ ಹಿಡಿದು ನಿಂತ ಕಾವಲಿಗನಿಗೂ ಜೀವನ್ಮರಣದ ಗಳಿಗೆಯಾಗುತ್ತವೆ.

ಆದ್ದರಿಂದ ಬಲ್ಲವರು ಮೊದಲು ಗಮನ ಕೊಡುವುದು ಎಣ್ಣೆಗೆ. ಬಳಕೆಯಲ್ಲಿರುವ ಬ್ರೇಕ್ ಎಣ್ಣೆಗಳಲ್ಲಿ ಹೆಚ್ಚಿನವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದವು. 'ಡಾಟ್ 4' ಎಂಬ ದರ್ಜೆಯ ಎಣ್ಣೆ ಹೊಸದಾಗಿದ್ದಾಗ 230 ಡಿಗ್ರಿಗೆ ಮೊದಲು ಕುದಿಯಬಾರದೆಂಬುದು ನಿಯಮ. ಅದೇ ಎಣ್ಣೆ ನೂರಕ್ಕೆ 3.7 ಭಾಗ ನೀರನ್ನು ಹೀರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಅಷ್ಟು ನೀರು 75 ಡಿಗ್ರಿಗಳ ರಕ್ಷಣೆಯನ್ನು ಕಸಿದುಕೊಂಡಿತು! ಪಥಕ್ಕಿಳಿಯುವ ಮುನ್ನ ಹಳೆಯ ಎಣ್ಣೆಯನ್ನು ತೆಗೆದು ಹೊಸದನ್ನು ತುಂಬುವುದು ಸುಲಭವೂ ಅಗ್ಗವೂ ಆದ ರಕ್ಷಣೆ. ಅನಂತರ ಹೆಚ್ಚಿನ ಶಾಖವನ್ನು ತಾಳಬಲ್ಲ ಪ್ಯಾಡುಗಳನ್ನು ಹಾಕುತ್ತಾರೆ. ಆದರೆ ಪಂದ್ಯಕ್ಕೆಂದೇ ಮಾಡಿದ ಪ್ಯಾಡು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ಬೆಳಗಿನ ಚಳಿಯಲ್ಲಿ ಮನೆಯಿಂದ ಹೊರಟ ಕಾರಿಗೆ ಮೊದಲ ವೃತ್ತದಲ್ಲಿಯೇ ಅದರಿಂದ ಅಪಾಯ. ರಸ್ತೆಯಲ್ಲಿಯೂ ಓಡಬೇಕಾದ ಕಾರಿಗೆ ಎರಡಕ್ಕೂ ಹೊಂದುವ ನಡುದರ್ಜೆಯ ಪ್ಯಾಡೇ ಲೇಸು.

ಇವೆರಡೂ ಬಿಸಿಯನ್ನು ಸಹಿಸುವ ಉಪಾಯಗಳು, ಬಿಸಿಯನ್ನು ಕಳುಹಿಸುವ ಉಪಾಯಗಳಲ್ಲ. ಕಳುಹಿಸುವ ಕೆಲಸಕ್ಕೆ ಡಿಸ್ಕಿನ ಒಳರಚನೆಯನ್ನು ಅರಿಯಬೇಕು. ಇಂದಿನ ಹೆಚ್ಚಿನ ಕಾರುಗಳ ಮುಂದಿನ ಡಿಸ್ಕು ಒಂದೇ ಗಟ್ಟಿ ತಟ್ಟೆಯಲ್ಲ. ಎರಡು ತಟ್ಟೆಗಳ ನಡುವೆ ಸಣ್ಣ ಸಣ್ಣ ಗೋಡೆಗಳನ್ನು ನಿಲ್ಲಿಸಿ ಅದನ್ನು ಎರಕ ಹೊಯ್ದಿರುತ್ತಾರೆ. ಡಿಸ್ಕು ತಿರುಗಿದಾಗ ಗೋಡೆಗಳ ನಡುವಿನ ಗಾಳಿ ಅಂಚಿನತ್ತ ಚಿಮ್ಮಿ ಹೊರಹೋಗುತ್ತದೆ. ಅದರ ಎಡೆಗೆ ನಡುವಿನಿಂದ ಹೊಸ ಗಾಳಿ ನುಗ್ಗುತ್ತದೆ. ಎಂದರೆ ಡಿಸ್ಕೇ ಒಂದು ಬೀಸಣಿಗೆ! ಆದರೆ ಚಕ್ರದ ಗೂಡಿನಲ್ಲಿ ಸುತ್ತುವ ಗಾಳಿ ಮೊದಲೇ ಬಿಸಿಯಾದದ್ದು. ಈ ಬೀಸಣಿಗೆಗೆ ತಂಪು ಗಾಳಿಯನ್ನು ಉಣಿಸುವುದೇ ತಂಪುಗೊಳಿಸುವ ವಿದ್ಯೆಯ ತಿರುಳು.

ಕಾರು ಓಡುವಾಗ ಅದರ ಮೂತಿಯ ಮೇಲೆ ಗಾಳಿಯ ಒತ್ತಡ ಹೆಚ್ಚಿರುತ್ತದೆ, ಚಕ್ರದ ಗೂಡಿನಲ್ಲಿ ಕಡಿಮೆಯಿರುತ್ತದೆ. ಆದುದರಿಂದ ಮುಂದಿನ ಬಂಪರಿನಲ್ಲಿ, ಹಲವು ವೇಳೆ ಮಂಜುದೀಪದ ಜಾಗದಲ್ಲಿ, ಒಂದು ಬಾಯಿಯನ್ನು ತೆರೆದು, ಅಲ್ಲಿಂದ ಸುಮಾರು 75 ಮಿಲಿಮೀಟರ್ ಅಗಲದ, ಶಾಖವನ್ನು ತಾಳುವ ಬಾಗುಕೊಳವೆಯನ್ನು ಡಿಸ್ಕಿನವರೆಗೆ ಒಯ್ಯುತ್ತಾರೆ. ಕೊಳವೆಯಲ್ಲಿ ಚೂಪಾದ ತಿರುವುಗಳಿದ್ದರೆ ಗಾಳಿಯ ಹರಿವು ಕುಗ್ಗುತ್ತದೆ. ಚಕ್ರವನ್ನು ಪೂರ್ತಿ ತಿರುಗಿಸಿದಾಗಲೂ ಕೊಳವೆ ಟೈರಿಗೆ ತಾಗಕೂಡದು. ಮುಖ್ಯವಾದ ಮಾತೆಂದರೆ, ಗಾಳಿಯನ್ನು ಡಿಸ್ಕಿನ ಹೊರಮೈಗೆ ಊದುವುದಲ್ಲ, ಅದರ ನಡುವಿನ ಬಾಯಿಗೆ ಊದಬೇಕು. ಒಂದೇ ಮಗ್ಗುಲಿಗೆ ಊದಿದರೆ ಒಂದು ಮುಖ ತಣ್ಣಗಾಗಿ ಇನ್ನೊಂದು ಬಿಸಿಯಾಗಿಯೇ ಉಳಿದು, ಹಿಗ್ಗು ಕುಗ್ಗುಗಳ ಎಳೆದಾಟದಲ್ಲಿ ಡಿಸ್ಕು ಸೊಟ್ಟಗಾಗಬಹುದು, ಬಿರುಕನ್ನೂ ಬಿಡಬಹುದು. ನಡುವಿನಿಂದ ಹೊಕ್ಕ ಗಾಳಿಯಾದರೋ ಎರಡು ತಟ್ಟೆಗಳನ್ನೂ ಸಮನಾಗಿ ತಣಿಸಿ ಅಂಚಿನಿಂದ ಹೊರಬೀಳುತ್ತದೆ.

ಡಿಸ್ಕಿನ ಹಿಂಬದಿಯಲ್ಲಿ ತೆಳುವಾದ ತಗಡಿನ ಮರೆಯೊಂದಿರುತ್ತದೆ. ಗಾಳಿಗೆ ಅಡ್ಡವೆಂದು ಕೆಲವರು ಇದನ್ನು ಕಿತ್ತೆಸೆಯುತ್ತಾರೆ. ಅದು ಕೆಸರನ್ನೂ ಕಲ್ಲನ್ನೂ ತಡೆಯುವುದಲ್ಲದೆ, ಕಾದ ಡಿಸ್ಕಿನ ಝಳ ಹತ್ತಿರದ ರಬ್ಬರಿನ ಭಾಗಗಳಿಗೆ ತಟ್ಟದಂತೆಯೂ ಕಾಪಾಡುತ್ತದೆ. ಆದ್ದರಿಂದ ಅದನ್ನು ತೆಗೆಯುವುದಕ್ಕಿಂತ ಅದರಲ್ಲಿಯೇ ಕೊಳವೆಯ ಬಾಯಿಯನ್ನು ಕೂರಿಸುವುದು ಜಾಣತನ. ಹಾಗೆಯೇ ಡಿಸ್ಕಿನ ಮೈತುಂಬ ತೂತು ಕೊರೆಸಿದರೆ ತಂಪಾಗುತ್ತದೆಂಬ ನಂಬಿಕೆಯೂ ಉಂಟು. ಕೊರೆದಷ್ಟೂ ಶಾಖವನ್ನು ಹಿಡಿಯುವ ಲೋಹ ಕಡಿಮೆಯಾಗುತ್ತದೆ. ಬಿರುಕು ಮೊದಲು ಹುಟ್ಟುವುದೂ ಆ ತೂತುಗಳ ಅಂಚಿನಲ್ಲಿಯೇ. ಎಲ್ಲ ತೂತೂ ಬಾಗಿಲಲ್ಲ.

ಮಾಡಿದ ಉಪಾಯ ಫಲಿಸಿತೇ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಉಷ್ಣತೆಗೆ ಬಣ್ಣ ಬದಲಿಸುವ ಲೇಪಗಳು ದೊರೆಯುತ್ತವೆ. ಡಿಸ್ಕಿನ ಅಂಚಿಗೆ ಹಚ್ಚುವ ಅಂತಹ ಒಂದು ಬಗೆಯಲ್ಲಿ ಹಸಿರು ಬಣ್ಣ 430 ಡಿಗ್ರಿಯಲ್ಲಿಯೂ, ಕಿತ್ತಳೆ 560 ಡಿಗ್ರಿಯಲ್ಲಿಯೂ, ಕೆಂಪು 610 ಡಿಗ್ರಿಯಲ್ಲಿಯೂ ಬದಲಾಗುತ್ತವೆ. ಕೊಳವೆ ಹಾಕುವ ಮುಂಚೆ ಮೂರೂ ಬದಲಾಗಿದ್ದು, ಹಾಕಿದ ಮೇಲೆ ಹಸಿರೊಂದೇ ಬದಲಾದರೆ ಗಾಳಿ ತನ್ನ ಕೆಲಸ ಮಾಡಿದೆಯೆಂದು ತಿಳಿಯಬಹುದು. ಕುಲುಮೆಯ ಕಮ್ಮಾರನು ಕಾದ ಕಬ್ಬಿಣದ ಬಣ್ಣ ನೋಡಿ ಅದರ ಹದವನ್ನು ಅರಿಯುವುದಿಲ್ಲವೆ? ಇದೂ ಅಂತಹುದೇ ವಿದ್ಯೆ.

ಇಷ್ಟೆಲ್ಲ ಮಾಡಿದರೂ ಕೊನೆಯ ಹೊಣೆ ಚಾಲಕನದು. ಅನುಭವಿಗಳು ಬ್ರೇಕಿನ ಮೇಲೆ ಕಾಲನ್ನು ಸುಮ್ಮನೆ ಊರಿಕೊಂಡು ಹೋಗುವುದಿಲ್ಲ. ಬೇಕಾದಲ್ಲಿ ಬಲವಾಗಿ ತುಳಿದು, ಕೆಲಸ ಮುಗಿದೊಡನೆ ಕಾಲೆತ್ತಿ, ಡಿಸ್ಕು ಉಸಿರಾಡಲು ಎಡೆಕೊಡುತ್ತಾರೆ. ಕೆಲವು ಸುತ್ತುಗಳಾದ ಮೇಲೆ ಒಂದು ಸುತ್ತನ್ನು ಬ್ರೇಕು ಮುಟ್ಟದಂತೆ ನಿಧಾನವಾಗಿ ಓಡಿಸಿ ಗಾಳಿಯಿಂದ ತಣಿಸುತ್ತಾರೆ. ನಿಂತ ಮೇಲೆ ಹ್ಯಾಂಡ್ ಬ್ರೇಕನ್ನು ಎಳೆಯುವುದಿಲ್ಲ. ಕಾದ ಡಿಸ್ಕನ್ನು ಪ್ಯಾಡು ಒಂದೇ ಕಡೆ ಕಚ್ಚಿ ನಿಂತರೆ ಅಲ್ಲಿ ಕಲೆ ಅಂಟುತ್ತದೆ. ಅದರ ಬದಲು ಕಾರನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಬಿಸಿ ಡಿಸ್ಕಿಗೆ ನೀರೆರಚುವುದಂತೂ ಸಲ್ಲದು. ಕಾದ ಬೀಡು ಸಿಡಿಯುತ್ತದೆ. ದಿನ ಮುಗಿದ ಮೇಲೆ ಕೊಳವೆಯ ಬಾಯಿಯನ್ನು ಮುಚ್ಚುತ್ತಾರೆ; ಮಳೆ ನೀರೂ ದೂಳೂ ಡಿಸ್ಕಿಗೆ ನುಗ್ಗಬಾರದಷ್ಟೆ.

ಈ ತತ್ತ್ವ ಪಂದ್ಯದ ಪಥಕ್ಕೆ ಮಾತ್ರ ಸೀಮಿತವಾದುದಲ್ಲ. ಹತ್ತು ಟನ್ ತೂಕದ ಬಸ್ಸೊಂದು 500 ಮೀಟರ್ ಎತ್ತರದ ಘಟ್ಟವನ್ನು ಇಳಿದರೆ ಬಿಡುಗಡೆಯಾಗುವ ಶಕ್ತಿ 4 ಕೋಟಿ 90 ಲಕ್ಷ ಜೌಲ್. ನಮ್ಮ ಕಾರು ತಿರುವಿನಲ್ಲಿ ಒಮ್ಮೆ ಬ್ರೇಕು ಹಾಕಿದ್ದಕ್ಕಿಂತ ಸುಮಾರು 68 ಪಟ್ಟು. ಆಗುಂಬೆಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಇಳಿಯುವಾಗ ಅನುಭವಿ ಚಾಲಕನು ಗೇರನ್ನು ತಗ್ಗಿಸಿ, ಎಂಜಿನ್ನಿನ ತಡೆಯನ್ನೇ ನೆಚ್ಚಿ, ಬ್ರೇಕನ್ನು ಮಿತವಾಗಿ ಬಳಸುವುದು ಏಕೆಂಬುದು ಈಗ ನಿಮಗೆ ಸ್ಪಷ್ಟವಾಗಿರಬೇಕು. ಅವನು ಬಿಸಿಯ ಒಂದು ಪಾಲನ್ನು ಎಂಜಿನ್ನಿನ ಬಾಗಿಲಿನಿಂದ ಸಾಗಹಾಕುತ್ತಿದ್ದಾನೆ.

ಮುಂದಿನ ಸಲ ನಿಂತಿರುವ ಕಾರೊಂದನ್ನು ಕಂಡಾಗ ಮುಂದಿನ ಚಕ್ರದ ಕಡ್ಡಿಗಳ ಸಂದಿಯಲ್ಲಿ ಇಣಿಕಿ ನೋಡಿ. ಈಗತಾನೆ ನಿಂತ ಕಾರಾದರೆ ಮುಟ್ಟಬೇಡಿ. ಹೊಳೆಯುವ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕಿರುಗಿಂಡಿಗಳು ಕಾಣುತ್ತವೆ. ಕಾರು ಬಿಟ್ಟುಕೊಟ್ಟ ವೇಗವೆಲ್ಲ ಬಿಸಿಯಾಗಿ ಗಾಳಿಯೊಡನೆ ಹೊರಟುಹೋಗುವುದು ಆ ಗಿಂಡಿಗಳಿಂದಲೇ.